ಕೋಬರ್ಗ್: ಒಂದು ಗುಡ್ಡ, ಒಂದು ಕೋಟೆ, ಅರ್ಧ ಯುರೋಪಿನ ಬೀಗರು

ಬ್ರಿಟನ್ನಿನ ರಾಜಮನೆತನದ ಸುದ್ದಿ ಬಂದಾಗಲೆಲ್ಲ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: "ಅವರು ಇಂಗ್ಲಿಷರೇ ಅಲ್ಲ, ಜರ್ಮನ್ನರು." ಇದು ಸುಮ್ನೆ ಹುಟ್ಟಿದ ಮಾತಲ್ಲ. 1901ರಿಂದ 1917ರವರೆಗೆ ಆ ಮನೆತನದ ಹೆಸರು "ಸ್ಯಾಕ್ಸ್-ಕೋಬರ್ಗ್ ಮತ್ತು ಗೋಥಾ" ಅಂತಲೇ ಇತ್ತು. ಅದರಲ್ಲಿ ಬರುವ ಕೋಬರ್ಗ್ ಒಂದು ಊರು. ಈಗಲೂ ಇದೆ, ರೈಲು ಹತ್ತಿ ಹೋಗಿ ನೋಡಿಕೊಂಡು ಬರಬಹುದು.

ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ವಿಕ್ಟೋರಿಯಾ ರಾಣಿಯ ಬಿಳಿ ಪ್ರತಿಮೆ ನೋಡಿರುತ್ತೀರಿ. 1906ರಲ್ಲಿ ಅದನ್ನು ಅನಾವರಣ ಮಾಡಿದ್ದು ಆಗಿನ ಯುವರಾಜ, ಮುಂದೆ ಐದನೇ ಜಾರ್ಜ್ ಆದವನು. ಅದೇ ಪಾರ್ಕಿನಲ್ಲಿ ಏಳನೇ ಎಡ್ವರ್ಡ್ ಪ್ರತಿಮೆಯೂ ಇದೆ. ಈ ಮೂವರಿಗೂ ಕೋಬರ್ಗಿನ ನಂಟಿದೆ. ವಿಕ್ಟೋರಿಯಾಳ ತಾಯಿ ಆ ಊರಿನವಳು, ಗಂಡನೂ ಆ ಊರಿನವನು. ಎಡ್ವರ್ಡ್ ಅವಳ ಮಗ, ಜಾರ್ಜ್ ಮೊಮ್ಮಗ.

ಬೆಲ್ಜಿಯಂ, ಪೋರ್ಚುಗಲ್, ಬಲ್ಗೇರಿಯಾಗಳ ಸಿಂಹಾಸನದ ಮೇಲೂ ಇದೇ ಮನೆಯವರು ಕೂತರು. ಇಷ್ಟೆಲ್ಲ ಆಗುವಾಗ ಅವರ ಸ್ವಂತ ಸಂಸ್ಥಾನ ಎಷ್ಟು ಚಿಕ್ಕದಿತ್ತೆಂದರೆ, ಕುದುರೆ ಹತ್ತಿದರೆ ಒಂದು ದಿನದೊಳಗೆ ಗಡಿ ದಾಟಬಹುದಿತ್ತು. ಇದು ಹೇಗಾಯಿತು ಅಂತ ತಿಳಿಯಬೇಕಾದರೆ ಮೊದಲು ಊರನ್ನು ನೋಡಬೇಕು, ಆಮೇಲೆ ಆ ಕಾಲದ ಜರ್ಮನಿಯನ್ನು.

ಊರು ಎಲ್ಲಿದೆ, ಹೇಗಿದೆ

ಕೋಬರ್ಗ್ ಇರುವುದು ಬವೇರಿಯಾ ರಾಜ್ಯದ ಉತ್ತರದ ತುದಿಯಲ್ಲಿ, ಇಟ್ಸ್ ಅನ್ನುವ ಚಿಕ್ಕ ಹೊಳೆಯ ದಂಡೆಯ ಮೇಲೆ. ನ್ಯೂರೆಂಬರ್ಗ್ ನಗರದಿಂದ ಉತ್ತರಕ್ಕೆ ಸುಮಾರು 100 ಕಿಲೋಮೀಟರ್. ಜನಸಂಖ್ಯೆ 41,000ದ ಆಸುಪಾಸು. ಬವೇರಿಯಾ ಅಂದರೆ ನಮಗೆ ಮ್ಯೂನಿಕ್, ಆಲ್ಪ್ಸ್ ಬೆಟ್ಟ, ಚರ್ಮದ ಚಡ್ಡಿ, ಬಿಯರ್ ಹಬ್ಬ ನೆನಪಾಗುತ್ತವೆ. ಕೋಬರ್ಗಿನಲ್ಲಿ ಬಿಯರ್ ಬಿಟ್ಟರೆ ಇದ್ಯಾವುದೂ ಇಲ್ಲ. ಇದು ಫ್ರಾಂಕೋನಿಯಾ ಸೀಮೆ. ಮ್ಯೂನಿಕ್ ಕಡೆಯವರು ಹೆಚ್ಚಾಗಿ ಕ್ಯಾಥೊಲಿಕ್ ಆದರೆ ಕೋಬರ್ಗ್ 16ನೇ ಶತಮಾನದಿಂದಲೂ ಪ್ರಾಟೆಸ್ಟೆಂಟ್ ಊರು. ಅಷ್ಟೇ ಅಲ್ಲ, 1920ಕ್ಕೆ ಮುಂಚೆ ಇದು ಬವೇರಿಯಾಕ್ಕೆ ಸೇರಿಯೇ ಇರಲಿಲ್ಲ.

ಕೋಬರ್ಗ್ ಅನ್ನುವ ಹೆಸರು ಮೊದಲು ಸಿಗುವುದು 1056ರ ಒಂದು ದಾನಪತ್ರದಲ್ಲಿ. ಊರಿನ ನಡುವೆ ಮಾರುಕಟ್ಟೆ ಚೌಕ ಇದೆ, ಅದರ ಒಂದು ಬದಿಗೆ ಪುರಭವನ, ಎದುರಿಗೆ ಇಲ್ಲಿ ಆಳುತ್ತಿದ್ದ ದೊರೆಯ, ಅಂದರೆ ಡ್ಯೂಕನ, ಹಳೆಯ ಕಚೇರಿ ಕಟ್ಟಡ. ಚೌಕದ ನಡುವೆ ವಿಕ್ಟೋರಿಯಾಳ ಗಂಡ ಆಲ್ಬರ್ಟನ ಪ್ರತಿಮೆ. ಸ್ವಲ್ಪ ನಡೆದರೆ ಸೇಂಟ್ ಮೋರಿಟ್ಸ್ ಚರ್ಚು, ಅದರ ಎರಡು ಗೋಪುರಗಳಲ್ಲಿ ಒಂದು ಎತ್ತರ, ಒಂದು ಗಿಡ್ಡ. ಇನ್ನೊಂದು ಕಡೆ ಅರಮನೆ ಚೌಕ. ಅಲ್ಲಿಂದ ಒಂದು ದೊಡ್ಡ ತೋಪು ಗುಡ್ಡ ಹತ್ತುತ್ತಾ ಹೋಗುತ್ತದೆ, ಅದರ ತುದಿಗೆ ಕೋಟೆ.

ಕೋಟೆ ಮೇಲೆ, ಅರಮನೆ ಕೆಳಗೆ

ಗುಡ್ಡದ ಮೇಲಿನ ಕೋಟೆಯನ್ನು ಫೆಸ್ಟೆ ಕೋಬರ್ಗ್ ಅಂತ ಕರೆಯುತ್ತಾರೆ. ಸಮುದ್ರಮಟ್ಟದಿಂದ 464 ಮೀಟರ್ ಎತ್ತರ, ಊರಿಗಿಂತ 160 ಮೀಟರಿಗೂ ಮೇಲೆ. ಒಂದರ ಹೊರಗೊಂದು ಗೋಡೆಗಳ ಸುತ್ತು. ಜರ್ಮನಿಯಲ್ಲಿ ಉಳಿದುಕೊಂಡಿರುವ ದೊಡ್ಡ ಕೋಟೆಗಳಲ್ಲಿ ಇದೂ ಒಂದು. ಬಹಳ ದೂರದಿಂದಲೇ ಕಾಣುವುದರಿಂದ ಇದಕ್ಕೆ "ಫ್ರಾಂಕೋನಿಯಾದ ಕಿರೀಟ" ಅಂತಲೂ ಹೆಸರಿದೆ.

ಕೆಳಗೆ ಊರಿನಲ್ಲಿರುವುದು ಎಹ್ರೆನ್‌ಬುರ್ಗ್ ಅರಮನೆ. ಅದು ಎದ್ದಿದ್ದು 1540ರ ದಶಕದಲ್ಲಿ. ಅದಕ್ಕೆ ಮುಂಚೆ ಆಳುವವರು ಗುಡ್ಡದ ಮೇಲೆಯೇ ಇರುತ್ತಿದ್ದರು. ಹಾಗಾದರೆ ಯಾಕೆ ಇಳಿದು ಬಂದರು? ಒಂದು ಕಾರಣ ಸುಖ. ಮೇಲೆ ಚಳಿ, ಗಾಳಿ, ಇಕ್ಕಟ್ಟು. ಇನ್ನೊಂದು, ಆಳುವ ಕೆಲಸವೇ ಬದಲಾಗಿತ್ತು. ಮುಂಚೆ ಯಜಮಾನ ಅಂದರೆ ಕತ್ತಿ ಹಿಡಿದು ಗೋಡೆ ಕಾಯುವವನು. ಈಗ ತೆರಿಗೆ ಲೆಕ್ಕ, ನ್ಯಾಯ ತೀರ್ಮಾನ, ಪತ್ರವ್ಯವಹಾರ, ಬಂದ ನೆಂಟರಿಗೆ ಸತ್ಕಾರ. ಇದಕ್ಕೆಲ್ಲ ಗುಮಾಸ್ತರು ಬೇಕು, ಕೋಣೆಗಳು ಬೇಕು, ಊರಿನ ಪೇಟೆ ಹತ್ತಿರ ಇರಬೇಕು. ಹೀಗಾಗಿ ಡ್ಯೂಕ್ ಯೋಹಾನ್ ಅರ್ನ್ಸ್ಟ್ ಕೆಳಗಿದ್ದ, ಮುಚ್ಚಿಹೋದ ಒಂದು ಮಠದ ಜಾಗದಲ್ಲಿ ಅರಮನೆ ಕಟ್ಟಿಸಿದ. ಕೋಟೆ ಸೈನ್ಯಕ್ಕೆ ಉಳಿಯಿತು.

ಕೋಟೆ ಗಟ್ಟಿಯಾಗಿಯೇ ಇತ್ತು. ಮೂವತ್ತು ವರ್ಷಗಳ ಯುದ್ಧ ಅಂತ ಒಂದಿತ್ತು, 1618ರಿಂದ 1648ರವರೆಗೆ ಜರ್ಮನಿಯನ್ನೆಲ್ಲ ಸುಟ್ಟ ಧರ್ಮಯುದ್ಧ, ಅಧಿಕಾರದ ಯುದ್ಧವೂ ಹೌದು. 1632ರಲ್ಲಿ ಚಕ್ರವರ್ತಿಯ ದೊಡ್ಡ ಸೇನಾಪತಿ ವಾಲೆನ್‌ಸ್ಟೈನ್ ಈ ಕೋಟೆಗೆ ಮುತ್ತಿಗೆ ಹಾಕಿದ. ಗೆಲ್ಲಲಾಗಲಿಲ್ಲ. ಆದರೆ 1635ರಲ್ಲಿ ಕೋಟೆ ಚಕ್ರವರ್ತಿಯ ಕಡೆಯವರ ಕೈಗೆ ಹೋಯಿತು. ಫಿರಂಗಿಯಿಂದಲ್ಲ, ಕಾಗದದಿಂದ! "ಕೋಟೆ ಒಪ್ಪಿಸಿಬಿಡಿ" ಅಂತ ಡ್ಯೂಕನ ಹೆಸರಲ್ಲಿ ಒಂದು ಖೋಟಾ ಪತ್ರ ತಯಾರಿಸಿ ಒಳಗೆ ಕಳಿಸಿದ್ದರು.

ಜರ್ಮನಿಯಲ್ಲಿ ಅಷ್ಟೊಂದು ರಾಜಧಾನಿಗಳು ಯಾಕೆ?

ಜರ್ಮನಿಯಲ್ಲಿ ಓಡಾಡಿದವರಿಗೆ ಒಂದು ವಿಷಯ ವಿಚಿತ್ರ ಅನಿಸುತ್ತದೆ. ತಾಲ್ಲೂಕು ಕೇಂದ್ರದಷ್ಟು ಚಿಕ್ಕ ಊರಿನಲ್ಲೂ ಒಂದು ಅರಮನೆ, ಒಂದು ನಾಟಕಶಾಲೆ, ಒಂದು ದೊಡ್ಡ ಗ್ರಂಥಾಲಯ. ಇದಕ್ಕೆ ಕಾರಣ ಸರಳ. 1871ರವರೆಗೆ ಜರ್ಮನಿ ಅನ್ನುವ ಒಂದೇ ದೇಶ ಇರಲಿಲ್ಲ. ನೂರಾರು ಸಂಸ್ಥಾನಗಳಿದ್ದವು. 1806ರವರೆಗೆ ಇವೆಲ್ಲವನ್ನೂ ಸಡಿಲವಾಗಿ ಒಟ್ಟಿಗೆ ಹಿಡಿದಿದ್ದ ಕೂಟಕ್ಕೆ ಪವಿತ್ರ ರೋಮನ್ ಸಾಮ್ರಾಜ್ಯ ಅಂತ ಹೆಸರು. ಅದಕ್ಕೊಬ್ಬ ಚಕ್ರವರ್ತಿ. ಆದರೆ ತನ್ನ ನೆಲದಲ್ಲಿ ಪ್ರತಿಯೊಬ್ಬ ಸಂಸ್ಥಾನಿಕನೂ ರಾಜನೇ. ಸಂಸ್ಥಾನ ಎಷ್ಟೇ ಚಿಕ್ಕದಿರಲಿ, ಅದಕ್ಕೊಂದು ರಾಜಧಾನಿ ಬೇಕೇ ಬೇಕು.

ಸಂಸ್ಥಾನಗಳು ಅಷ್ಟು ಚಿಕ್ಕದಾಗಿದ್ದು ಯಾಕೆ ಅಂದರೆ ಪಾಲು. ಹಲವು ಮನೆತನಗಳಲ್ಲಿ ಹಿರಿಮಗನಿಗೇ ಎಲ್ಲ ಅನ್ನುವ ನಿಯಮ ಇರಲಿಲ್ಲ. ಅಪ್ಪ ಸತ್ತರೆ ಗಂಡುಮಕ್ಕಳೆಲ್ಲ ನೆಲ ಹಂಚಿಕೊಳ್ಳುತ್ತಿದ್ದರು. ನಮ್ಮಲ್ಲಿ ಹತ್ತೆಕರೆ ಹೊಲ ಮೂರು ತಲೆಮಾರಿನಲ್ಲಿ ಅರ್ಧರ್ಧ ಎಕರೆಯಾಗಿ, ಬದುಗಳೇ ಜಾಸ್ತಿ ಬೆಳೆಯೇ ಕಮ್ಮಿ ಅನ್ನುವಂತೆ ಆಗುತ್ತದಲ್ಲ, ಥೇಟ್ ಹಾಗೆ.

ಕೋಬರ್ಗ್ 1353ರಲ್ಲಿ ಒಂದು ಮದುವೆಯ ಮೂಲಕ ವೆಟಿನ್ ಅನ್ನುವ ದೊಡ್ಡ ಮನೆತನಕ್ಕೆ ಬಂತು. ಸ್ಯಾಕ್ಸನಿಯನ್ನು ಆಮೇಲೆ ಶತಮಾನಗಳ ಕಾಲ ಆಳಿದ್ದು ಅದೇ ಮನೆತನ. 1485ರಲ್ಲಿ ಅರ್ನ್ಸ್ಟ್, ಆಲ್ಬ್ರೆಕ್ಟ್ ಅನ್ನುವ ಅಣ್ಣತಮ್ಮಂದಿರು ಲೈಪ್‌ಝಿಗ್‌ನಲ್ಲಿ ಕೂತು ಪಾಲು ಮಾಡಿಕೊಂಡರು. ಕೋಬರ್ಗ್ ಅಣ್ಣ ಅರ್ನ್ಸ್ಟ್‌ನ ಕವಲಿಗೆ ಹೋಯಿತು. ಚಕ್ರವರ್ತಿಯನ್ನು ಆರಿಸುವ ಹಕ್ಕಿದ್ದ ಏಳು ಮಂದಿಯಲ್ಲಿ ಒಬ್ಬ ಅನ್ನುವ ಮರ್ಯಾದೆಯೂ ಆ ಕವಲಿಗೇ ಸಿಕ್ಕಿತ್ತು. ಆದರೆ 1547ರಲ್ಲಿ ಚಕ್ರವರ್ತಿಯ ವಿರುದ್ಧ ಯುದ್ಧ ಮಾಡಿ ಸೋತು ಅದನ್ನೂ, ಒಳ್ಳೊಳ್ಳೆ ನೆಲವನ್ನೂ ಕಳೆದುಕೊಂಡರು. ಉಳಿದದ್ದನ್ನೇ ಮತ್ತೆ ಮತ್ತೆ ಹಂಚುತ್ತಾ ಹೋದರು. 1675ರಲ್ಲಿ ಗೋಥಾದ ಡ್ಯೂಕ್ ಅರ್ನ್ಸ್ಟ್ ತೀರಿಕೊಂಡಾಗ ಏಳು ಗಂಡುಮಕ್ಕಳು. ಐದು ವರ್ಷದ ನಂತರ ಏಳು ಪಾಲು, ಏಳು ರಾಜಧಾನಿ. ಅದರಲ್ಲಿ ಒಂದು ಕೋಬರ್ಗ್. ಅಲ್ಲಿನ ಡ್ಯೂಕ್ 1699ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡ. ಉಳಿದವರು ಆ ಪಾಲಿಗಾಗಿ ದಶಕಗಳ ಕಾಲ ವ್ಯಾಜ್ಯ ಹೂಡಿದರು, ಕೊನೆಗೆ 1735ರಲ್ಲಿ ಅದು ಸಾಲ್‌ಫೆಲ್ಡ್ ಕವಲಿಗೆ ಸೇರಿತು. ಹಿರಿಮಗನಿಗೇ ಸಂಸ್ಥಾನ ಅನ್ನುವ ನಿಯಮ ಇಲ್ಲಿ ಜಾರಿಗೆ ಬಂದಿದ್ದು ಆಮೇಲೆ, 18ನೇ ಶತಮಾನದ ಮಧ್ಯದಲ್ಲಿ.

ಇಷ್ಟು ಹಂಚಿಕೆಯಿಂದ ಒಂದು ಒಳ್ಳೆಯದೂ ಆಯಿತು. ಪ್ರತಿ ಡ್ಯೂಕನೂ ತನ್ನ ಊರಿನಲ್ಲಿ ಶಾಲೆ, ಕಚೇರಿ, ರಂಗಮಂದಿರ ಕಟ್ಟಿಸಿದ. ಕೋಬರ್ಗಿನ ಡ್ಯೂಕ್ ಯೋಹಾನ್ ಕಾಸಿಮಿರ್ 1605ರಲ್ಲಿ ಸ್ಥಾಪಿಸಿದ ಪ್ರೌಢಶಾಲೆ ಅವನ ಹೆಸರಿನಲ್ಲೇ ಇವತ್ತಿಗೂ ನಡೆಯುತ್ತಿದೆ. (ಇದೇ ಡ್ಯೂಕನ ಆಳ್ವಿಕೆಯಲ್ಲಿ ಮಾಟಗಾತಿಯರು ಅಂತ ಹೆಂಗಸರನ್ನು ವಿಚಾರಣೆ ಮಾಡಿ ಕೊಲ್ಲಿಸಿದ್ದೂ ನಡೆಯಿತು. ಎರಡೂ ಅದೇ ಊರು.)

ಲೂಥರ್ ಆರು ತಿಂಗಳು ಇಲ್ಲಿ ಯಾಕಿದ್ದರು?

ಈಗ ಸ್ವಲ್ಪ ಹಿಂದಕ್ಕೆ, 1530ಕ್ಕೆ. ಕ್ಯಾಥೊಲಿಕ್ ಚರ್ಚಿನ ವಿರುದ್ಧ ದನಿ ಎತ್ತಿ ಪ್ರಾಟೆಸ್ಟೆಂಟ್ ಪಂಥಕ್ಕೆ ಕಾರಣರಾದ ಮಾರ್ಟಿನ್ ಲೂಥರ್ ಆ ವರ್ಷ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಈ ಕೋಟೆಯಲ್ಲಿದ್ದರು. ಚಕ್ರವರ್ತಿ ಆಗ ಆಗ್ಸ್‌ಬುರ್ಗ್ ನಗರದಲ್ಲಿ ದೊಡ್ಡ ಸಭೆ ಕರೆದಿದ್ದ, ಹೊಸ ಪಂಥದವರು ಅಲ್ಲಿ ತಮ್ಮ ನಂಬಿಕೆಯನ್ನು ಬರೆದು ಒಪ್ಪಿಸಬೇಕಿತ್ತು. ಲೂಥರ್ ಹೋಗಬೇಕಲ್ವಾ? ಹೋಗುವಂತಿರಲಿಲ್ಲ. 1521ರಲ್ಲೇ ಚಕ್ರವರ್ತಿ ಅವರಿಗೆ ಬಹಿಷ್ಕಾರ ಹಾಕಿದ್ದ. ತನ್ನನ್ನು ಕಾಯುವ ದೊರೆಯ ಗಡಿ ದಾಟಿದರೆ ಯಾರು ಬೇಕಾದರೂ ಹಿಡಿಯಬಹುದಿತ್ತು. ಆ ದೊರೆಯ ನೆಲದ ದಕ್ಷಿಣದ ತುದಿಯೇ ಕೋಬರ್ಗ್. ಸಭೆಗೆ ಎಷ್ಟು ಹತ್ತಿರ ಹೋಗಬಹುದೋ ಅಷ್ಟು ಹತ್ತಿರ.

ಸಂಗಾತಿ ಮೆಲಾಂಕ್ಟನ್ ಸಭೆಗೆ ಹೋದರು. ಲೂಥರ್ ಕೋಟೆಯಲ್ಲಿ ಕೂತು ಪತ್ರದ ಮೇಲೆ ಪತ್ರ ಬರೆದರು, ಬೈಬಲ್ಲಿನ ಪ್ರವಾದಿಗಳ ಭಾಗಗಳನ್ನು ಜರ್ಮನ್‌ಗೆ ತಂದರು, ನಡುವೆ ಈಸೋಪನ ನೀತಿಕಥೆಗಳನ್ನೂ ಅನುವಾದಿಸಿದರು. ಕಿಟಕಿಯಾಚೆ ಮರಗಳಲ್ಲಿ ಕಾಗೆಜಾತಿಯ ಹಕ್ಕಿಗಳು ಗದ್ದಲ ಮಾಡುವುದನ್ನು ನೋಡಿ, ಇಲ್ಲೂ ಒಂದು ರಾಜಸಭೆ ನಡೆಯುತ್ತಿದೆ ಅಂತ ಗೆಳೆಯರಿಗೆ ತಮಾಷೆಯಾಗಿ ಬರೆದರು. ತಂದೆ ತೀರಿಕೊಂಡ ಸುದ್ದಿ ತಲುಪಿದ್ದೂ ಇಲ್ಲೇ. ಅವರು ಉಳಿದಿದ್ದ ಕೋಣೆಗಳನ್ನು ಈಗಲೂ ತೋರಿಸುತ್ತಾರೆ.

ಸಾಲಗಾರರ ಮನೆಯಿಂದ ಸಿಂಹಾಸನಕ್ಕೆ

ಕತೆಯ ನಿಜವಾದ ತಿರುವು ಇಲ್ಲಿದೆ. 1770ರ ದಶಕದಲ್ಲಿ ಕೋಬರ್ಗ್ ಸಂಸ್ಥಾನ ಸಾಲದಲ್ಲಿ ಮುಳುಗಿತ್ತು. ಎಷ್ಟರಮಟ್ಟಿಗೆ ಅಂದರೆ, ಚಕ್ರವರ್ತಿಯ ಕಡೆಯಿಂದ ಒಂದು ಆಯೋಗ ಬಂದು ಹಣಕಾಸಿನ ಮೇಲೆ ಹಿಡಿತ ಇಟ್ಟುಕೊಂಡಿತ್ತು. ನೆಲ ಇಲ್ಲ, ಹಣ ಇಲ್ಲ, ಸೈನ್ಯ ಇಲ್ಲ. ಇದ್ದದ್ದು ಮನೆತನದ ಹೆಸರು ಮತ್ತು ಮಕ್ಕಳು. ಡ್ಯೂಕ್ ಫ್ರಾಂಜ್ ಮತ್ತು ಅವನ ಹೆಂಡತಿ ಆಗಸ್ಟೆಗೆ ಹತ್ತು ಮಕ್ಕಳು ಹುಟ್ಟಿ ಏಳು ಮಂದಿ ಉಳಿದರು: ನಾಲ್ಕು ಹೆಣ್ಣು, ಮೂರು ಗಂಡು.

ಇಲ್ಲೊಂದು ನಿಯಮ ತಿಳಿದಿರಬೇಕು. ಯುರೋಪಿನ ರಾಜಮನೆತನಗಳಲ್ಲಿ ಮದುವೆ ಸಮಾನರ ನಡುವೆಯೇ ಆಗಬೇಕು. ಸಮಾನ ಅಂದರೆ ಹಣದಲ್ಲಲ್ಲ, ಆಳುವ ಮನೆತನ ಆಗಿರಬೇಕು ಅಷ್ಟೇ. ಕೋಟಿಗಟ್ಟಲೆ ಆಸ್ತಿಯ ವ್ಯಾಪಾರಿಯ ಮಗಳು ಆಗುವುದಿಲ್ಲ, ಸಾಲದಲ್ಲಿರುವ ಡ್ಯೂಕನ ಮಗಳು ಆಗುತ್ತಾಳೆ. ದೊಡ್ಡ ರಾಜ್ಯಗಳಿಗೆ ಇನ್ನೊಂದು ಲೆಕ್ಕವೂ ಇತ್ತು. ಫ್ರಾನ್ಸಿನಿಂದಲೋ ಆಸ್ಟ್ರಿಯಾದಿಂದಲೋ ಸಂಬಂಧ ತಂದರೆ ಬೀಗರು ರಾಜಕೀಯಕ್ಕೆ ಕೈಹಾಕುತ್ತಾರೆ. ಕೋಬರ್ಗಿನವರಿಂದ ಅಂಥ ಭಯ ಇಲ್ಲ. ಪುಟ್ಟ ಸಂಸ್ಥಾನ ಅನ್ನುವುದೇ ಇವರಿಗೆ ಅನುಕೂಲವಾಗಿ ಕೂತಿತು.

ಮೊದಲ ಬಾಗಿಲು ತೆರೆದದ್ದು ರಷ್ಯಾದಲ್ಲಿ. 1795ರಲ್ಲಿ ಮಹಾರಾಣಿ ಕ್ಯಾಥರೀನ್ ತನ್ನ ಮೊಮ್ಮಗ ಕಾನ್ಸ್ಟಾಂಟಿನ್‌ಗೆ ಹೆಣ್ಣು ಹುಡುಕುತ್ತಿದ್ದಳು. ಆಗಸ್ಟೆ ಮೂವರು ಹೆಣ್ಣುಮಕ್ಕಳನ್ನು ಕರೆದುಕೊಂಡು ಪೀಟರ್ಸ್‌ಬರ್ಗ್‌ವರೆಗೂ ಹೋದಳು. ಆರಿಸಿದ್ದು ಕೊನೆಯವಳು ಯೂಲಿಯಾನೆಯನ್ನು, ಆಗ ಅವಳು ಇನ್ನೂ ಹುಡುಗಿ. ಮರುವರ್ಷ ಮದುವೆ. ಆ ಸಂಸಾರ ನೆಟ್ಟಗೆ ನಡೆಯಲಿಲ್ಲ, 1801ರಲ್ಲಿ ಅವಳು ರಷ್ಯಾ ಬಿಟ್ಟು ಬಂದಳು. ಅವಳಿಗೆ ಸುಖ ಸಿಗಲಿಲ್ಲ, ತವರಿಗೆ ಮಾತ್ರ ಲಾಭವಾಯಿತು. 1806ರಲ್ಲಿ ನೆಪೋಲಿಯನ್ ಕಡೆಯವರು ಕೋಬರ್ಗನ್ನು ಹಿಡಿದುಕೊಂಡಾಗ, ಮರುವರ್ಷದ ಟಿಲ್ಸಿಟ್ ಒಪ್ಪಂದದಲ್ಲಿ ರಷ್ಯಾದ ಒತ್ತಾಯದಿಂದ ಸಂಸ್ಥಾನ ವಾಪಸ್ ಸಿಕ್ಕಿತು. ಅದೇ ಹೊತ್ತಿಗೆ ಎಷ್ಟೋ ಚಿಕ್ಕ ಸಂಸ್ಥಾನಗಳು ನಕ್ಷೆಯಿಂದಲೇ ಅಳಿಸಿಹೋದವು.

ಯೂಲಿಯಾನೆಯ ಕೊನೆಯ ತಮ್ಮ ಲಿಯೋಪೋಲ್ಡ್ ರಷ್ಯಾದ ಸೈನ್ಯದಲ್ಲಿ ಅಧಿಕಾರಿಯಾದ. ನೆಪೋಲಿಯನ್ ಸೋತ ಮೇಲೆ, 1814ರಲ್ಲಿ ಝಾರ್ ದೊರೆಯ ಪರಿವಾರದ ಜೊತೆ ಲಂಡನ್ನಿಗೆ ಹೋದ. ಅಲ್ಲಿ ಬ್ರಿಟನ್ನಿನ ಉತ್ತರಾಧಿಕಾರಿ ರಾಜಕುಮಾರಿ ಶಾರ್ಲೆಟ್ ಪರಿಚಯ. 1816ರಲ್ಲಿ ಮದುವೆ. ಮರುವರ್ಷ ಹೆರಿಗೆಯಲ್ಲಿ ಶಾರ್ಲೆಟ್ ತೀರಿಕೊಂಡಳು, ಮಗುವೂ ಉಳಿಯಲಿಲ್ಲ. ಬ್ರಿಟನ್ನಿಗೆ ಈಗ ಮುಂದಿನ ತಲೆಮಾರಿನ ವಾರಸುದಾರರಿಲ್ಲ. ಶಾರ್ಲೆಟ್‌ಳ ಚಿಕ್ಕಪ್ಪಂದಿರಲ್ಲಿ ಕೆಲವರು ಇಳಿವಯಸ್ಸಿನಲ್ಲಿ ಅವಸರದ ಮದುವೆಗೆ ಹೊರಟರು. ಅವರಲ್ಲಿ ಒಬ್ಬ ಕೆಂಟ್ ಡ್ಯೂಕ್. ಅವನು ಮದುವೆಯಾಗಿದ್ದು ಲಿಯೋಪೋಲ್ಡನ ಅಕ್ಕ, ವಿಧವೆಯಾಗಿದ್ದ ವಿಕ್ಟೋರಿಯಾಳನ್ನು. 1818ರ ಮೇ ತಿಂಗಳಲ್ಲಿ, ಎಹ್ರೆನ್‌ಬುರ್ಗ್ ಅರಮನೆಯಲ್ಲಿ. ಮರುವರ್ಷ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಮಗುವಿಗೂ ವಿಕ್ಟೋರಿಯಾ ಅಂತಲೇ ಹೆಸರಿಟ್ಟರು.

ಅದಾಗಿ ಮೂರು ತಿಂಗಳಿಗೆ, 1819ರ ಆಗಸ್ಟ್ 26ರಂದು ಕೋಬರ್ಗಿನ ಹೊರಗಿನ ರೋಸೆನಾವ್ ಅರಮನೆಯಲ್ಲಿ ಇನ್ನೊಂದು ಮಗು ಹುಟ್ಟಿತು. ಆಲ್ಬರ್ಟ್. ಅವನಪ್ಪ ಡ್ಯೂಕ್ ಅರ್ನ್ಸ್ಟ್, ಕೆಂಟ್ ಡ್ಯೂಕನ ಹೆಂಡತಿಯ ಅಣ್ಣ. ಅಂದರೆ ನಮ್ಮ ಕಡೆಯ ಲೆಕ್ಕದಲ್ಲಿ ಆಲ್ಬರ್ಟ್ ವಿಕ್ಟೋರಿಯಾಗೆ ಸೋದರಮಾವನ ಮಗ. ಇನ್ನೂ ಒಂದು ಸ್ವಾರಸ್ಯ: ಶಾರ್ಲೊಟ್ಟೆ ಸೀಬೋಲ್ಡ್ ಅನ್ನುವ ಹೆರಿಗೆ ವೈದ್ಯೆ ಲಂಡನ್ನಿನಲ್ಲಿ ವಿಕ್ಟೋರಿಯಾಳ ಹೆರಿಗೆ ಮಾಡಿಸಿ, ಜರ್ಮನಿಗೆ ಮರಳಿ ಬಂದು ಆಲ್ಬರ್ಟನ ಹೆರಿಗೆಯನ್ನೂ ಮಾಡಿಸಿದಳು. ಇಬ್ಬರ ಮದುವೆ 1840ರಲ್ಲಿ. ಅದನ್ನು ಹಿಂದಿನಿಂದ ಕೂಡಿಸಿದ್ದು ಸೋದರಮಾವ ಲಿಯೋಪೋಲ್ಡ್, ಮತ್ತೆ ಅವನ ವೈದ್ಯನಾಗಿ ಶುರುಮಾಡಿ ಸಲಹೆಗಾರನಾದ ಕೋಬರ್ಗಿನವನೇ ಆದ ಸ್ಟಾಕ್‌ಮಾರ್.

ಲಿಯೋಪೋಲ್ಡ್ ಅಷ್ಟರಲ್ಲಿ ರಾಜನೂ ಆಗಿದ್ದ. ಗ್ರೀಸಿನ ಸಿಂಹಾಸನ ಬೇಡ ಅಂದು, 1831ರಲ್ಲಿ ಹೊಸದಾಗಿ ಹುಟ್ಟಿದ ಬೆಲ್ಜಿಯಂಗೆ ಮೊದಲ ದೊರೆಯಾದ. ಈಗಿನ ಬೆಲ್ಜಿಯಂ ರಾಜ ಅವನ ವಂಶದವನೇ. ಮಧ್ಯದ ಅಣ್ಣ ಫರ್ಡಿನಾಂಡ್ ಹಂಗೇರಿಯ ಶ್ರೀಮಂತ ಕೊಹಾರಿ ಮನೆಯ ಒಬ್ಬಳೇ ಮಗಳನ್ನು ಮದುವೆಯಾದ. ಅವರ ಮಕ್ಕಳು ಕ್ಯಾಥೊಲಿಕ್ ಆಗಿ ಬೆಳೆದರು. ಇದರಿಂದ ಮನೆತನಕ್ಕೆ ಎರಡು ಕಡೆಯ ಬಾಗಿಲೂ ತೆರೆಯಿತು, ಪ್ರಾಟೆಸ್ಟೆಂಟ್ ರಾಜ್ಯಕ್ಕೂ ವರ ಇದ್ದಾನೆ, ಕ್ಯಾಥೊಲಿಕ್ ರಾಜ್ಯಕ್ಕೂ ಇದ್ದಾನೆ. ಈ ಕವಲಿನ ಒಬ್ಬ 1836ರಲ್ಲಿ ಪೋರ್ಚುಗಲ್ ರಾಣಿಯನ್ನು ಮದುವೆಯಾದ, ಇನ್ನೊಬ್ಬ 1887ರಲ್ಲಿ ಬಲ್ಗೇರಿಯಾದ ದೊರೆಯಾಗಿ ಆಯ್ಕೆಯಾದ. ಅವನ ಮೊಮ್ಮಗ ಸಿಮಿಯೋನ್ ಹುಡುಗನಾಗಿದ್ದಾಗ ಸಿಂಹಾಸನ ಕಳೆದುಕೊಂಡು, 2001ರಲ್ಲಿ ಚುನಾವಣೆ ಗೆದ್ದು ಅದೇ ದೇಶದ ಪ್ರಧಾನಿಯಾದ! ಕೋಬರ್ಗಿನವರನ್ನು ಜರ್ಮನಿಯ ಚಾನ್ಸಲರ್ ಬಿಸ್ಮಾರ್ಕ್ "ಯುರೋಪಿನ ಬೀಜದ ಕುದುರೆಗಳ ಲಾಯ" ಅಂತ ಅಣಕಿಸಿದ್ದ ಅನ್ನುತ್ತಾರೆ. ಒರಟು ಮಾತು, ಆದರೆ ಯಾಕೆ ಹಾಗಂದ ಅಂತ ಅರ್ಥವಾಗುತ್ತದೆ.

"ಮತ್ತು ಗೋಥಾ" ಎಲ್ಲಿಂದ ಬಂತು? 1826ರಲ್ಲಿ ಈ ದಾಯಾದಿಗಳ ನಡುವೆ ಕೊನೆಯ ದೊಡ್ಡ ಪಾಲು ನಡೆಯಿತು. ಕೋಬರ್ಗಿನ ಡ್ಯೂಕ್ ಸಾಲ್‌ಫೆಲ್ಡ್ ಬಿಟ್ಟುಕೊಟ್ಟು ಗೋಥಾ ಪಡೆದ. ಆಮೇಲಿಂದ ಎರಡು ರಾಜಧಾನಿ, ಎರಡು ಅರಮನೆ, ಎರಡು ರಂಗಮಂದಿರ.

ಆಲ್ಬರ್ಟನ ಊರು

ವಿಕ್ಟೋರಿಯಾ ಮೊದಲ ಸಲ ಕೋಬರ್ಗಿಗೆ ಬಂದಿದ್ದು 1845ರಲ್ಲಿ. ತಾನು ರಾಣಿ ಆಗಿರದಿದ್ದರೆ ತನ್ನ ನಿಜವಾದ ಮನೆ ಇದೇ ಆಗಿರುತ್ತಿತ್ತು ಅನ್ನುವ ಅರ್ಥದಲ್ಲಿ ಬರೆದುಕೊಂಡಳು. ಆಮೇಲೂ ಹಲವು ಸಲ ಬಂದಳು. ಎಹ್ರೆನ್‌ಬುರ್ಗ್‌ನಲ್ಲಿ ಅವಳು ಉಳಿಯುತ್ತಿದ್ದ ಕೋಣೆಯ ಪಕ್ಕ ಅವಳಿಗಾಗಿಯೇ ಇಂಗ್ಲಿಷ್ ಮಾದರಿಯ ಫ್ಲಶ್ ಟಾಯ್ಲೆಟ್ ಕೂರಿಸಿದ್ದರು. ಅರಮನೆಗೆ ಹೋದವರು ಭಿತ್ತಿಚಿತ್ರಕ್ಕಿಂತ ಜಾಸ್ತಿ ಹೊತ್ತು ಅದನ್ನೇ ನೋಡುತ್ತಾರೋ ಏನೋ. ಆಲ್ಬರ್ಟ್ 1861ರಲ್ಲಿ ತೀರಿಕೊಂಡ. ಮಾರುಕಟ್ಟೆ ಚೌಕದ ಪ್ರತಿಮೆಯನ್ನು 1865ರಲ್ಲಿ, ಅವನ ಹುಟ್ಟಿದ ದಿನದಂದು, ವಿಕ್ಟೋರಿಯಾಳ ಎದುರಿನಲ್ಲೇ ಅನಾವರಣ ಮಾಡಿದರು.

1894ರ ಏಪ್ರಿಲ್‌ನಲ್ಲಿ ಇಲ್ಲಿ ವಿಕ್ಟೋರಿಯಾಳ ಮೊಮ್ಮಕ್ಕಳ ಮದುವೆಯೊಂದು ನಡೆಯಿತು. ಆಗ ತೆಗೆದ ಒಂದು ಫೋಟೋ ಇದೆ. ನಡುವೆ ಮುದುಕಿ ವಿಕ್ಟೋರಿಯಾ, ಪಕ್ಕದಲ್ಲಿ ಮೊಮ್ಮಗ, ಜರ್ಮನಿಯ ಕೈಸರ್ ವಿಲ್ಹೆಲ್ಮ್, ಹಿಂದೆ ರಷ್ಯಾದ ಮುಂದಿನ ಝಾರ್ ನಿಕೋಲಸ್. ನಿಕೋಲಸ್ ಮತ್ತು ವಿಕ್ಟೋರಿಯಾಳ ಮೊಮ್ಮಗಳು ಅಲಿಕ್ಸ್ ಮದುವೆ ನಿಶ್ಚಯವಾಗಿದ್ದೂ ಅದೇ ದಿನಗಳಲ್ಲಿ, ಇದೇ ಊರಿನಲ್ಲಿ. ಇಪ್ಪತ್ತು ವರ್ಷ ಕಳೆದ ಮೇಲೆ ಇವರ ದೇಶಗಳೇ ಒಂದರ ಮೇಲೊಂದು ಯುದ್ಧ ಹೂಡಿದವು.

ಊರಿನ ಇನ್ನೊಬ್ಬ ನಿವಾಸಿಯನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಫ್ರೀಡ್ರಿಶ್ ರುಕೆರ್ಟ್ ಅನ್ನುವ ಕವಿ, ಪೂರ್ವದ ಭಾಷೆಗಳ ವಿದ್ವಾಂಸರು. ಕೋಬರ್ಗಿನ ಹುಡುಗಿಯನ್ನು ಮದುವೆಯಾಗಿ, ಊರಿನ ಪಕ್ಕದ ನೊಯ್‌ಸೆಸ್‌ನಲ್ಲಿ ಮನೆ ಮಾಡಿದ್ದರು. ಎರ್ಲಾಂಗೆನ್, ಬರ್ಲಿನ್‌ಗಳಲ್ಲಿ ಪ್ರಾಧ್ಯಾಪಕರಾಗಿದ್ದು ಕೊನೆಗೆ ಇಲ್ಲಿಗೇ ಬಂದು 1866ರಲ್ಲಿ ತೀರಿಕೊಂಡರು. ಮಹಾಭಾರತದ ನಳದಮಯಂತಿ ಕತೆಯನ್ನು, ಜಯದೇವನ ಗೀತಗೋವಿಂದವನ್ನು ಜರ್ಮನ್ ಪದ್ಯಕ್ಕೆ ತಂದವರು ಇವರು.

ಹೆಸರು ಯಾಕೆ ಬಿಟ್ಟರು?

ಮೊದಲ ಮಹಾಯುದ್ಧ ಶುರುವಾದಾಗ ಬ್ರಿಟನ್ನಿನ ರಾಜನಿಗೆ ಮುಜುಗರ ಶುರುವಾಯಿತು. ಶತ್ರು ಜರ್ಮನಿ, ಮನೆತನದ ಹೆಸರೂ ಜರ್ಮನ್. 1917ರಲ್ಲಿ ಲಂಡನ್ ಮೇಲೆ ಬಾಂಬು ಹಾಕಿದ ವಿಮಾನಗಳ ಹೆಸರೇ "ಗೋಥಾ", ಯಾಕೆಂದರೆ ಅವು ತಯಾರಾಗುತ್ತಿದ್ದುದು ಅದೇ ಗೋಥಾ ಊರಿನಲ್ಲಿ. ಜುಲೈ 17, 1917ರಂದು ಐದನೇ ಜಾರ್ಜ್ ಮನೆತನದ ಹೆಸರನ್ನು ವಿಂಡ್ಸರ್ ಅಂತ ಬದಲಿಸಿದ. ವಿಂಡ್ಸರ್ ಇಂಗ್ಲೆಂಡಿನಲ್ಲಿರುವ ಅವರ ಕೋಟೆ.

ಇದರಲ್ಲಿ ಸಿಕ್ಕಿಕೊಂಡವನು ಕಾರ್ಲ್ ಎಡ್ವರ್ಡ್. ವಿಕ್ಟೋರಿಯಾಳ ಮೊಮ್ಮಗ, ಇಂಗ್ಲೆಂಡಿನಲ್ಲಿ ಹುಟ್ಟಿ ಬೆಳೆದವನು. ಕೋಬರ್ಗಿನಲ್ಲಿ ನೇರ ವಾರಸುದಾರರು ಇಲ್ಲದಾದಾಗ 1900ರಲ್ಲಿ, 16ನೇ ವಯಸ್ಸಿಗೆ ಇವನನ್ನು ಡ್ಯೂಕ್ ಮಾಡಿದರು. ಯುದ್ಧದಲ್ಲಿ ಜರ್ಮನಿಯ ಪರ ನಿಂತ. ಬ್ರಿಟನ್ ಅವನ ಬಿರುದುಗಳನ್ನು ಕಿತ್ತುಕೊಂಡಿತು. 1918ರ ನವೆಂಬರ್‌ನಲ್ಲಿ ಜರ್ಮನಿಯ ದೊರೆಗಳೆಲ್ಲ ಕೆಳಗಿಳಿದಾಗ ಇವನೂ ಇಳಿದ.

ಒಂದು ಮತದಾನ, ಒಂದು ಗಡಿ

ಡ್ಯೂಕ್ ಹೋದ ಮೇಲೆ ಕೋಬರ್ಗ್ ಸ್ವಲ್ಪ ದಿನ ತನ್ನಷ್ಟಕ್ಕೆ ತಾನೇ ಪುಟ್ಟ ಗಣರಾಜ್ಯ. ಒಂಟಿಯಾಗಿ ಬದುಕುವುದು ಕಷ್ಟ. ಉತ್ತರದ ಹಳೆಯ ದಾಯಾದಿ ಸಂಸ್ಥಾನಗಳೆಲ್ಲ ಸೇರಿ ಥುರಿಂಗಿಯಾ ಅನ್ನುವ ರಾಜ್ಯ ಮಾಡಿಕೊಳ್ಳುತ್ತಿದ್ದವು. ಅದಕ್ಕೆ ಸೇರುವುದೋ ಬೇಡವೋ ಅಂತ 1919ರ ನವೆಂಬರ್ 30ರಂದು ಜನರನ್ನೇ ಕೇಳಿದರು. ಶೇಕಡಾ 88 ಮಂದಿ ಬೇಡ ಅಂದರು. 1920ರ ಜುಲೈ 1ಕ್ಕೆ ಕೋಬರ್ಗ್ ಬವೇರಿಯಾಕ್ಕೆ ಸೇರಿತು, ನಮ್ಮ ರಂಗಮಂದಿರ, ಸಂಗ್ರಹಾಲಯ ಉಳಿಯಬೇಕು ಅಂತ ಚೌಕಾಸಿ ಮಾಡಿಯೇ ಸೇರಿತು.

ಈ ಮತದ ಬೆಲೆ ಗೊತ್ತಾಗಿದ್ದು ಕಾಲು ಶತಮಾನದ ನಂತರ. ಎರಡನೇ ಮಹಾಯುದ್ಧ ಮುಗಿದಾಗ ಬವೇರಿಯಾ ಅಮೆರಿಕದವರ ಕೈಗೆ, ಥುರಿಂಗಿಯಾ ಸೋವಿಯತ್ ಕೈಗೆ. ಕೋಬರ್ಗ್ ಪಶ್ಚಿಮ ಜರ್ಮನಿಯಲ್ಲಿ ಉಳಿಯಿತು, ಜೋಡಿ ರಾಜಧಾನಿ ಗೋಥಾ ಪೂರ್ವಕ್ಕೆ ಹೋಯಿತು. ಮೂರು ಕಡೆ ತಂತಿಬೇಲಿಯ ಗಡಿ. ಉತ್ತರಕ್ಕೆ ಹೋಗುತ್ತಿದ್ದ ರೈಲು, ರಸ್ತೆ ನಿಂತವು. 1989ರ ನವೆಂಬರ್‌ನಲ್ಲಿ ಗಡಿ ತೆರೆಯುವವರೆಗೂ ಕೋಬರ್ಗ್ ದಾರಿಯ ಕೊನೆಯ ಊರಾಗಿತ್ತು.

ನಡುವಿನ ಕತ್ತಲೆಯ ಕಾಲವನ್ನು ಮರೆಮಾಡುವಂತಿಲ್ಲ. 1922ರ ಅಕ್ಟೋಬರ್‌ನಲ್ಲಿ ಹಿಟ್ಲರ್ ನೂರಾರು ಬೆಂಬಲಿಗರನ್ನು ವಿಶೇಷ ರೈಲಿನಲ್ಲಿ ಇಲ್ಲಿಗೆ ಕರೆತಂದ, ಬೀದಿಯಲ್ಲಿ ಹೊಡೆದಾಟಗಳಾದವು. 1929ರ ಜೂನ್‌ನಲ್ಲಿ ನಗರಸಭೆಯ 25 ಸ್ಥಾನಗಳಲ್ಲಿ 13 ನಾಜಿಗಳಿಗೆ ಬಂದವು. ಜರ್ಮನಿಯಲ್ಲಿ ನಾಜಿಗಳು ಬಹುಮತ ಪಡೆದ ಮೊದಲ ಊರು ಇದೇ. ಯಾಕೆ ಇಲ್ಲಿ? ಡ್ಯೂಕನ ಕಾಲ ಮುಗಿದಿದ್ದನ್ನು ಒಪ್ಪದ ಮೇಲ್ವರ್ಗ, ಯುದ್ಧಾನಂತರದ ಆರ್ಥಿಕ ಕಷ್ಟ, ಅದರ ಮೇಲೆ ಹಳೆಯ ಡ್ಯೂಕನದೇ ಬೆಂಬಲ. ಕಾರ್ಲ್ ಎಡ್ವರ್ಡ್ ನಾಜಿ ಪಕ್ಷ ಸೇರಿದ, ಅವರ ಕಾಲದಲ್ಲಿ ಜರ್ಮನ್ ರೆಡ್ ಕ್ರಾಸ್ ಮುಖ್ಯಸ್ಥನಾದ. ಯುದ್ಧದ ನಂತರ ವಿಚಾರಣೆಯಾಗಿ ದಂಡ ಬಿತ್ತು, 1954ರಲ್ಲಿ ಕೋಬರ್ಗಿನಲ್ಲೇ ಸತ್ತ. ಅವನ ಮಗಳ ಮಗ ಸ್ವೀಡನ್ನಿನ ಈಗಿನ ದೊರೆ.

ಊರಿನ ಲಾಂಛನದ ಕತೆಯೂ ಇದಕ್ಕೆ ಅಂಟಿಕೊಂಡಿದೆ. ಕೋಬರ್ಗಿನ ಲಾಂಛನದಲ್ಲಿರುವುದು ಕಪ್ಪು ವರ್ಣದ ಸಂತ ಮೋರಿಟ್ಸ್, ಈಜಿಪ್ಟ್ ಕಡೆಯ ರೋಮನ್ ಸೈನ್ಯಾಧಿಕಾರಿ ಅಂತ ಪ್ರತೀತಿ. 1934ರಲ್ಲಿ ನಾಜಿಗಳು ಅವನನ್ನು ತೆಗೆದು ಕತ್ತಿ, ಸ್ವಸ್ತಿಕ ಇಟ್ಟರು. 1945ರಲ್ಲಿ ಸಂತ ವಾಪಸ್ ಬಂದ. ಅವನನ್ನು ಬಿಡಿಸಿರುವ ರೀತಿ ಈ ಕಾಲಕ್ಕೆ ಸರಿಯೇ ಅನ್ನುವ ಚರ್ಚೆ ಈಚಿನ ವರ್ಷಗಳಲ್ಲಿ ಎದ್ದಿತ್ತು.

ಈಗ ಹೋದರೆ ಏನಿದೆ

ಈಗಿನ ಕೋಬರ್ಗ್ ಬದುಕುವುದು ಬರೀ ಪ್ರವಾಸಿಗಳಿಂದಲ್ಲ. ಹೂಕ್-ಕೋಬರ್ಗ್ ಅನ್ನುವ ದೊಡ್ಡ ವಾಹನ ವಿಮೆ ಕಂಪನಿಯ ಮುಖ್ಯ ಕಚೇರಿ ಇಲ್ಲಿದೆ, ಕಾರಿನ ಬಿಡಿಭಾಗ ಮಾಡುವ ಬ್ರೋಸೆ ಇದೆ, ಒಂದು ವಿಶ್ವವಿದ್ಯಾಲಯ ಇದೆ. ಜುಲೈನಲ್ಲಿ ಬ್ರೆಜಿಲ್ಲಿನ ಸಾಂಬಾ ಕುಣಿತದ ದೊಡ್ಡ ಹಬ್ಬ ನಡೆಯುತ್ತದೆ, 1990ರ ದಶಕದ ಶುರುವಿನಿಂದ. ಫ್ರಾಂಕೋನಿಯಾದ ಗುಡ್ಡದ ಊರಿಗೂ ಸಾಂಬಾಗೂ ಏನು ಸಂಬಂಧ ಅಂತ ಕೇಳಬೇಡಿ. ಯಾರೋ ಶುರುಮಾಡಿದರು, ಜನಕ್ಕೆ ಹಿಡಿಸಿತು.

ಮಾರುಕಟ್ಟೆ ಚೌಕದಲ್ಲಿ ಪೈನ್ ಮರದ ಒಣಕಾಯಿಗಳನ್ನು ಉರಿಸಿ ಅದರ ಮೇಲೆ ಸುಡುವ ಉದ್ದನೆಯ ಸಾಸೇಜ್ ಊರಿನ ಹೆಮ್ಮೆಯ ತಿಂಡಿ. ಪುರಭವನದ ಮೇಲಿರುವ ಸಂತ ಮೋರಿಟ್ಸ್ ಪ್ರತಿಮೆಯ ಕೈಯಲ್ಲೊಂದು ಕೋಲಿದೆ. ಸಾಸೇಜ್ ಎಷ್ಟುದ್ದ ಇರಬೇಕು ಅನ್ನುವ ಅಳತೆಯೇ ಅದು, 31 ಸೆಂಟಿಮೀಟರ್, ಅಂತ ಊರವರು ಹೇಳುತ್ತಾರೆ. ಸಸ್ಯಾಹಾರಿಗಳು ಹೊಗೆಯ ವಾಸನೆ ಹಿಡಿದು ಮುಂದೆ ಸಾಗಬೇಕಷ್ಟೇ.

ನೋಡುವುದಕ್ಕೆ ಒಂದೇ ದಿನ ಇದ್ದರೆ ಮೊದಲು ಕೋಟೆ. ಅದರ ಸಂಗ್ರಹಾಲಯದಲ್ಲಿ ಡ್ಯೂರರ್, ಕ್ರಾನಾಕ್ ಅವರ ಕೃತಿಗಳು, ಹಳೆಯ ಗಾಜಿನ ಸಾಮಾನು, ಆಯುಧಗಳು, ಕಾಸಿಮಿರ್ ಕಾಲದ ಮದುವೆ ಸಾರೋಟುಗಳು ಇವೆ. ಆಮೇಲೆ ತೋಪಿನ ಮೂಲಕ ಇಳಿದುಕೊಂಡು ಎಹ್ರೆನ್‌ಬುರ್ಗ್‌ಗೆ ಬನ್ನಿ, ಹತ್ತುವುದಕ್ಕಿಂತ ಇಳಿಯುವುದು ಸುಖ. ಆಲ್ಬರ್ಟ್ ಹುಟ್ಟಿದ ರೋಸೆನಾವ್ ಪಕ್ಕದ ರೋಡೆನ್‌ಟಾಲ್ ಊರಿಗೆ ಸೇರಿದ್ದು, ಅದಕ್ಕೆ ಬೇರೆ ಅರ್ಧ ದಿನ ಇಟ್ಟುಕೊಳ್ಳಿ. ಬರ್ಲಿನ್–ಮ್ಯೂನಿಕ್ ವೇಗದ ರೈಲು 2017ರ ಡಿಸೆಂಬರ್‌ನಿಂದ ಇಲ್ಲಿ ನಿಲ್ಲುತ್ತದೆ, ಆದರೆ ದಿನಕ್ಕೆ ಕೆಲವು ಮಾತ್ರ. ಅದು ತಪ್ಪಿದರೆ ನ್ಯೂರೆಂಬರ್ಗ್‌ನಿಂದ ಮಾಮೂಲಿ ರೈಲು ಹಿಡಿಯಿರಿ, ಒಂದರಿಂದ ಒಂದೂವರೆ ಗಂಟೆ.